ನನ್ನ ಅತ್ತೆಯನ್ನು ದೇವಿಯ ಪಟ್ಟದಿಂದ ಇಳಿಸಿಕೊಡಿ

ಮಾನ್ಯ ಮುಖ ವಿಂಗಡಣಾಧಿಕಾರಿಗಳೇ,

ನನ್ನ ಅತ್ತೆ ದೇವಿಯಲ್ಲ. ಈ ಮಾತನ್ನು ತಾವು ತಮ್ಮ ಕಂಪನಿಯ ಪರವಾಗಿ ಒಪ್ಪಿಕೊಂಡು, ನಮ್ಮ ಮನೆಯ ಫೋನಿನಲ್ಲಿ ಆಗಿರುವ ಅವಾಂತರವನ್ನು ಸಂಕ್ರಾಂತಿಗೆ ಶುರುವಾಗುವ ತೈ ತಿಂಗಳ ಕಡೇ ಶುಕ್ರವಾರದೊಳಗೆ ಸರಿಪಡಿಸಬೇಕು. ತಮ್ಮ ಹೆಸರು ನನಗೆ ಗೊತ್ತಿಲ್ಲ. ಯಾವ ದೇಶದ ಯಾವ ಗಾಜಿನ ಕಟ್ಟಡದಲ್ಲಿ ಕೂತಿದ್ದೀರೋ ಅದೂ ಗೊತ್ತಿಲ್ಲ. ಆದರೆ ಜನರ ಫೋನಿನಲ್ಲಿರುವ ಪಟಗಳನ್ನೆಲ್ಲ ಜಾಲಾಡಿ, ಇದು ಯಾರ ಮುಖ, ಅದು ಯಾರ ಮುಖ ಅಂತ ಗುಡ್ಡೆ ಹಾಕುವ ಕೆಲಸಕ್ಕೆ ಒಬ್ಬ ಯಜಮಾನ ಇರಲೇಬೇಕಲ್ಲ? ಆ ಕುರ್ಚಿಗೆ ನನ್ನ ನಮಸ್ಕಾರ. ಸಿಟ್ಟೂ ಅದಕ್ಕೇ.

ಕನ್ನಡದಲ್ಲೇಕೆ ಬರೆಯುತ್ತಿದ್ದಾಳೆ ಅಂತ ಹುಬ್ಬೇರಿಸಬೇಡಿ. ತಮ್ಮ ಆ್ಯಪಿನಲ್ಲಿ ಕನ್ನಡಕ್ಕೂ ಜಾಗವಿದೆ ಅಂತ ತಾವೇ ಹಾಕಿಕೊಂಡಿದ್ದೀರಿ. ಇನ್ನೊಂದು ಕಾರಣ ಇದಕ್ಕಿಂತ ದೊಡ್ಡದು. ತಮಿಳು ಸೀಮೆಯ ಕಿಣತ್ತುಕಡವಿನ ಹತ್ತಿರದ ನಮ್ಮ ನೇಕಾರ ಬೀದಿಯಲ್ಲಿ ಮನೆಯೊಳಗೆ ಎಲ್ಲರೂ ಕನ್ನಡವನ್ನೇ ಆಡುತ್ತಾರೆ, ಆದರೆ ಓದಲು ಒಬ್ಬರಿಗೂ ಬರುವುದಿಲ್ಲ. ಶಾಲೆ ತಮಿಳು, ಬಸ್ಸಿನ ಬೋರ್ಡು ತಮಿಳು, ಮದುವೆಯ ಕರೆಯೋಲೆಯೂ ತಮಿಳು. ನಾನೊಬ್ಬಳೇ ತಾಳವಾಡಿ ಕಡೆಯಿಂದ ಬಂದ ಸೊಸೆ, ಕನ್ನಡ ಶಾಲೆಯಲ್ಲಿ ಕಲಿತವಳು. ಹೀಗಾಗಿ ಈ ಪತ್ರವನ್ನು ನಮ್ಮ ಬಾಗಿಲಿಗೇ ಅಂಟಿಸಿದರೂ ಅತ್ತೆಗೆ ಗೊತ್ತಾಗುವುದಿಲ್ಲ. ಇಷ್ಟು ಬಹಿರಂಗವಾಗಿ, ಇಷ್ಟು ನಿಶ್ಚಿಂತೆಯಿಂದ ಅತ್ತೆಯ ಮೇಲೆ ದೂರು ಬರೆಯುವ ಭಾಗ್ಯ ಎಷ್ಟು ಸೊಸೆಯರಿಗಿದೆ ಹೇಳಿ?

ಈಗ ವಿಷಯಕ್ಕೆ ಬರುತ್ತೇನೆ. ನಮ್ಮದು ನೇಯ್ಗೆಯ ಮನೆ, ಚೌಡೇಶ್ವರಿಯ ಒಕ್ಕಲು. ಪ್ರತಿ ವರ್ಷ ತೈ ತಿಂಗಳಿಗೆ ಮಗ್ಗದಲ್ಲಿ ಹೊಸ ಹಾಸಿನ ನೂಲು ಹೂಡಿ, ಮೊದಲು ಬಂದ ಸೀರೆಯನ್ನು ದೇವಿಗೆ ಉಡಿಸುತ್ತೇವೆ. ಅದೇ ಹಾಸಿನ ಎರಡನೇ ಸೀರೆ, ಅದೇ ಬಣ್ಣ, ಅದೇ ಅಂಚು, ಮನೆಯ ಹಿರಿಯ ಸೊಸೆಗೆ. ಕಡೇ ಶುಕ್ರವಾರ ಆಕೆ ಅದನ್ನುಟ್ಟು ದೇವಿಯ ಎದುರು ನಿಂತರೆ, ಇಬ್ಬರೂ ಒಂದೇ ಮಗ್ಗದಿಂದ ಎದ್ದು ಬಂದವರ ಹಾಗೆ ಕಾಣುತ್ತಾರೆ. ಜೋಡಿ ಸೀರೆ ಅಂದರೆ ಅದು. ಆ ಸೀರೆ ನಾನು ಮದುವೆಯಾಗಿ ಬಂದಾಗಿನಿಂದಲೂ ನನ್ನ ಅತ್ತೆ ರುಕ್ಮಣಿಯಮ್ಮನ ಮೈಮೇಲೇ ಇದೆ. ಹೋದ ವರ್ಷ ಅವರೇ ಬೀದಿಯವರೆದುರು ನನ್ನತ್ತ ಕೈ ಮಾಡಿ, 'ಇನ್ನಮೇಲೆ ಗೋಕಿಲಾ ಉಟ್ಕೊಳ್ಲಿ, ನಂಗೆ ಮೊಣಕಾಲು ಆಗಲ್ಲೆ' ಅಂದಿದ್ದರು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅಂತ ಗಾದೆಯೇ ಇದೆಯಲ್ಲ, ನನ್ನ ಕಾಲ ಬಂತು ಅಂದುಕೊಂಡೆ. ಈ ಸಲ ಎರಡೂ ಸೀರೆ ನೆಯ್ದವಳು ನಾನೇ. ಬಣ್ಣ ಆರಿಸಿದವಳೂ ನಾನೇ, ಅರಗಿನ ಕೆಂಪಿಗೆ ಸಾಸಿವೆ ಹಳದಿಯ ಅಂಚು. ನನ್ನ ಕಪ್ಪು ಮೈಗೆ ಯಾವುದು ಒಪ್ಪುತ್ತದೆ ಅಂತ ನೋಡಿಯೇ ಆರಿಸಿದ್ದು, ದೇವಿ ಕ್ಷಮಿಸಲಿ.

ಅಷ್ಟರಲ್ಲಿ ನಡುವೆ ಬಂದದ್ದು ತಮ್ಮ ಆ್ಯಪು. ನನ್ನ ಮಗಳು ಕೃತ್ತಿಕಾ ಅಜ್ಜಿಯ ಫೋನಿಗೆ ಮನೆಯ ಹಳೇ ಪಟಗಳನ್ನೆಲ್ಲ ತುಂಬಿಕೊಟ್ಟಳು. ಒಂದು ಮಧ್ಯಾಹ್ನ ಅತ್ತೆ ಮನೆಮುಂದಿನ ತಿಣ್ಣೆಯ ಮೇಲೆ ಕೂತಿದ್ದಾಗ, ಆ ಫೋನು ಎರಡು ದುಂಡನೆಯ ಪಟ ತೋರಿಸಿ, ಇವರಿಬ್ಬರೂ ಒಬ್ಬರೇನಾ ಅಂತ ತಮಿಳಿನಲ್ಲಿ ಕೇಳಿತು. ಒಂದು ಪಟ ಹೋದ ವರ್ಷದ ಅಲಂಕಾರದಲ್ಲಿದ್ದ ಚೌಡೇಶ್ವರಿಯದು, ಇನ್ನೊಂದು ಅತ್ತೆಯದು. ಇಬ್ಬರಿಗೂ ಅರಿಶಿನ ಬಳಿದ ಮುಖ, ಕಾಸಗಲ ಕುಂಕುಮ, ಎರಡೂ ಕಡೆ ಮೂಗುಬೊಟ್ಟು, ಕತ್ತಿನ ಹತ್ತಿರ ಅದೇ ಸೀರೆ. ಅತ್ತೆ ಕನ್ನಡಕ ಹಾಕಿರಲಿಲ್ಲ, ಪ್ರಶ್ನೆಯನ್ನೂ ಓದಲಿಲ್ಲ. ಓದಿದ್ದರೂ ಅಷ್ಟೇ. ನೇಕಾರರ ಮನೆಯಲ್ಲಿ ಎರಡು ಪಟ ತೋರಿಸಿದರೆ ಯಾರಾದರೂ ಮುಖ ನೋಡುತ್ತಾರಾ ಸ್ವಾಮಿ? ಮೊದಲು ಅಂಚು ನೋಡುತ್ತಾರೆ, ಆಮೇಲೆ ಸೆರಗು, ಪುರುಸೊತ್ತಿದ್ದರೆ ಉಟ್ಟವರು ಯಾರು ಅಂತ. ಅತ್ತೆ, 'ಒಂದೇ ಪಾವು ಅಲ್ಲವಾ ಇದು!' ಅಂತ ಹೆಮ್ಮೆಯಿಂದ ಹೌದು ಒತ್ತಿದರು. ಪಾವು ಅಂದರೆ ನಮ್ಮಲ್ಲಿ ಹಾಸು. ಫೋನು ಮತ್ತೆ ಎರಡು ಪಟ ತೋರಿಸಿತು, ಅದರ ಹಿಂದಿನ ವರ್ಷದ್ದು. ಮತ್ತೆ ಹೌದು. ಫೋನು ಕೇಳುತ್ತಾ ಹೋಯಿತು, ಅತ್ತೆ ತಮ್ಮ ಮನೆಯ ಹಾಸುಗಳನ್ನೆಲ್ಲ ಗುರುತು ಹಿಡಿಯುತ್ತಾ ಹೋದರು. ಸಂಜೆಯ ಹೊತ್ತಿಗೆ ತಮ್ಮ ದಫ್ತರದಲ್ಲಿ ಲೋಕಮಾತೆಯೂ ನನ್ನ ಅತ್ತೆಯೂ ಒಂದೇ ವ್ಯಕ್ತಿಯೆಂದು ದಾಖಲಾಗಿತ್ತು.

ಇಲ್ಲಿಗೇ ಬಿಟ್ಟಿದ್ದರೆ ನಾನು ನಕ್ಕು ಸುಮ್ಮನಾಗುತ್ತಿದ್ದೆ. ಕೇಳದೆ ಹೇಳದೆ ಒಂದು ವಿಡಿಯೊ ಮಾಡಿ ಕಳಿಸಿ ಅಂತ ತಮಗೆ ಯಾರು ಹೇಳಿದ್ದರು? 'ರುಕ್ಮಣಿ: ವರುಷಗಳ ಪಯಣ' ಅಂತ ಅದಕ್ಕೊಂದು ತಲೆಬರಹ. ಕೊಳಲಿನ ಸಂಗೀತ. ದೇವಿಯ ಮುಖ ಮೆಲ್ಲಗೆ ಕರಗಿ ಅತ್ತೆಯ ಮುಖವಾಗುತ್ತದೆ, ಅತ್ತೆ ಕರಗಿ ದೇವಿಯಾಗುತ್ತಾರೆ, ನಡುವೆ ಚಿನ್ನದ ಬಣ್ಣದ ಪುಡಿ ಉದುರುತ್ತದೆ. ಕೃತ್ತಿಕಾ ತಮಾಷೆಗೆಂದು ಅದನ್ನು ಬಂಧುಗಳ ಗ್ರೂಪಿಗೆ ಹಾಕಿದಳು. ಪಕ್ಕದ ಮನೆಯ ನಾಚಿಯಮ್ಮ ಅದನ್ನು ನೋಡಿ, ಓಡಿ ಬಂದು, ಫೋನನ್ನು ಕಣ್ಣಿಗೊತ್ತಿಕೊಂಡು, 'ಅಯ್ಯೋ ತಾಯೇ, ಇಷ್ಟು ನಾಳು ಪಕ್ಕದಲ್ಲೇ ಇದ್ದು ತಿಳೀಲಿಲ್ಲೆಯೇ!' ಅಂತ ಅತ್ತೆಯ ಕಾಲಿಗೆ ಬಿದ್ದರು. ಮೊನ್ನೆ ತಾನೇ ಇದೇ ನಾಚಿಯಮ್ಮ ಚರಂಡಿ ನೀರಿನ ಜಗಳದಲ್ಲಿ ಇದೇ ಅತ್ತೆಯನ್ನು ಏನೇನು ಅಂದಿದ್ದರು ಅನ್ನುವುದನ್ನು ಮರ್ಯಾದಸ್ಥರ ಪತ್ರದಲ್ಲಿ ಬರೆಯುವ ಹಾಗಿಲ್ಲ.

ಕೊನೆಗೆ ದೇವಸ್ಥಾನದ ಯಜಮಾನರಾದ, ಬೀದಿಯ ಸೊಸೆಯರೆಲ್ಲ ಮಾವ ಅನ್ನುವ ರಂಗಸಾಮಿ ಮಾವನವರೂ ವಿಡಿಯೊ ನೋಡಿದರು. ನೋಡಿ, ಮೀಸೆ ಸವರಿ, ತೀರ್ಪು ಕೊಟ್ಟರು. 'ಮನುಷ್ಯ ಹೇಳಿದ್ರೆ ಪೊಯ್ಯಿ ಇರಬಹುದು. ಮೆಷಿನಿಗೆ ಏನಮ್ಮ ಬಂಧು, ಏನ್ ಬಳಗ? ಅದು ಯಾಕೆ ಸುಳ್ಳು ಹೇಳೀತು? ಜೋಡಿ ಸೀರೆ ರುಕ್ಮಣಿಯಕ್ಕನಿಗೇ ಇರ್ಲಿ, ಕಡೇವರೆಗೂ.' ನಾನು ಬಾಗಿಲ ಮರೆಯಲ್ಲಿ ಕಾಫಿ ಲೋಟ ಹಿಡಿದು ನಿಂತಿದ್ದೆ. ದೇವರು ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರೆ, ಇಲ್ಲಿ ದೇವರೂ ಪೂಜಾರಿಯೂ ಸೇರಿ ಕಿತ್ತುಕೊಂಡರು. ಕಾಫಿಯನ್ನು ಅಲ್ಲೇ ಕುಕ್ಕಿ ಮಗ್ಗದ ಮನೆಗೆ ಹೋಗಿ ಅತ್ತುಬಿಟ್ಟೆ. ಹೌದು, ಒಂದು ಸೀರೆಗೋಸ್ಕರ ಅತ್ತುಬಿಟ್ಟೆ, ಅದರಲ್ಲೇನು ನಾಚಿಕೆ?

ಮೆಷಿನು ಸುಳ್ಳು ಹೇಳುವುದಿಲ್ಲವಂತೆ! ತಮ್ಮ ಮೆಷಿನಿನ ಸತ್ಯಸಂಧತೆಗೆ ಇನ್ನೆರಡು ಸಾಕ್ಷಿ ಕೊಡಲೇ? ನಮ್ಮ ಬೀದಿಯಲ್ಲಿ ನೀಲಿ ನೂಲಿನ ಹಾಸನ್ನು ಉದ್ದಕ್ಕೆ ಬಿಗಿದು ಗಂಜಿ ಹಾಕುತ್ತಿದ್ದ ಪಟಗಳನ್ನೆಲ್ಲ ಅದು 'ಕಡಲತೀರ' ಅನ್ನುವ ಗುಡ್ಡೆಗೆ ಹಾಕಿದೆ. ಅಲ್ಲಿ ಬೆವರು ಸುರಿಸುತ್ತಾ ನಿಂತವರಿಗೆ 'ರಜೆಯ ಮಜಾ' ಅಂತ ಹೆಸರು. ನನ್ನ ಗಂಡ ದಂಡಪಾಣಿ ಮೊಪೆಡ್ಡಿನ ಹಿಂದೆ ಮುಂದೆ ಬಿಳಿ ನೂಲಿನ ಲಡಿ ಹೇರಿಕೊಂಡು ಬರುವ ಪಟವಿದೆಯಲ್ಲ, ಅದು 'ಸಾಕುಪ್ರಾಣಿಗಳು' ಅನ್ನುವುದರಲ್ಲಿದೆ. ಇದನ್ನು ರಂಗಸಾಮಿ ಮಾವನವರಿಗೆ ತೋರಿಸಿದರೆ, 'ಅದು ಸರಿಯಾಗೇ ಇದೆಯಲ್ಲ' ಅಂತ ನನ್ನ ಗಂಡನ ಮುಖ ನೋಡಿ ನಕ್ಕರು. ಗಂಡನೂ ನಕ್ಕರು. ಇಂಥವರನ್ನು ಕಟ್ಟಿಕೊಂಡು ನಾನು ನ್ಯಾಯ ಕೇಳಬೇಕು!

ಇನ್ನು ದೇವಿಯ ಜೊತೆ ಸಂಸಾರ ಮಾಡುವುದು ಹೇಗಿರುತ್ತದೆ ಅಂತ ತಮಗೆ ಗೊತ್ತೇ? ಅತ್ತೆ ಈಗ ಈರುಳ್ಳಿ ಹೆಚ್ಚುವುದಿಲ್ಲ. ಬೇಳೆ ಆರಿಸುವುದಿಲ್ಲ. ಮಗ್ಗದ ಲಾಳಿಗೆ ನೂಲಿನ ಕಂಡಿಕೆ ಸುತ್ತಿ ಕೊಡಿ ಅಂದರೆ, 'ಆಗಲಿ' ಅಂತ ಅಂಗೈ ಎತ್ತಿ ಹರಸುತ್ತಾರೆ, ಕಂಡಿಕೆ ಮಾತ್ರ ಆಗುವುದಿಲ್ಲ. ಬೋರ್‌ವೆಲ್ ಎಲ್ಲಿ ಕೊರೆಸಲಿ ಅಂತ ಒಬ್ಬರು ಕೇಳಿಕೊಂಡು ಬಂದರು, ಅತ್ತೆ ಸೀರಿಯಲ್ಲಿನಿಂದ ಕಣ್ಣು ತೆಗೆಯದೆ ಕೈ ಬೀಸಿ ಒಂದು ದಿಕ್ಕು ತೋರಿಸಿದರು. ಸೊಳ್ಳೆ ಓಡಿಸಿದ್ದು ಅಂತ ನನಗೆ ಗೊತ್ತು, ಅವರು ಅಲ್ಲೇ ಕೊರೆಸಿದರು, ನೀರೂ ಬಂತು. ನನ್ನ ಗ್ರಹಚಾರ ನೋಡಿ! ಸಾರಿಗೆ ಉಪ್ಪು ಕಮ್ಮಿ ಅಂತ ಅವರು ಅಂದರೆ ಮೊದಲು ಅದು ಅತ್ತೆಯ ಗೊಣಗು, ಈಗ ದೈವವಾಣಿ. ತಡೆಯಲಾರದೆ ಒಂದು ದಿನ ಕೇಳಿಯೇ ಬಿಟ್ಟೆ, 'ಅತ್ತೆ, ನೀವು ನೆಜವಾಗ್ಲೂ ಸಾಮಿನಾ?' ಅಂತ. ಅವರು ಎಲೆಯಡಿಕೆ ಜಗಿಯುತ್ತಾ, 'ನಾ ಎಲ್ಲಿ ಹೇಳಿದೆ ನನ್ ಕಣ್ಣೇ? ಫೋನು ಹೇಳುತ್ತೆ. ದೊಡ್ಡವರು ಹೇಳಿದಾಗ ಇಲ್ಲ ಅನ್ನೋದು ಮರ್ಯಾದೆಯಾ?' ಅಂದರು.

ಸರಿಪಡಿಸಲು ನಾನು ಮಾಡದ ಪ್ರಯತ್ನವಿಲ್ಲ. ತಮ್ಮ ಸಹಾಯದ ಪುಟದಲ್ಲಿ, ಬೇರೆ ಬೇರೆ ವ್ಯಕ್ತಿಗಳು ಒಂದಾಗಿದ್ದರೆ ತಪ್ಪಾದ ಪಟವನ್ನು ಒತ್ತಿ ಹಿಡಿದು 'ತೆಗೆದುಹಾಕಿ' ಅನ್ನಿ ಅಂತಿದೆ. ಒತ್ತಿ ಹಿಡಿದೆ. ತೆರೆಯ ತುಂಬ ಚೌಡೇಶ್ವರಿ, ಅವಳ ಕಣ್ಣು ನನ್ನ ಮೇಲೆ, ಕೆಳಗೆ ಕೆಂಪು ಅಕ್ಷರದಲ್ಲಿ 'ತೆಗೆದುಹಾಕಿ'. ಬೆರಳು ತೆಗೆದು ಗಲ್ಲ ಬಡಿದುಕೊಂಡೆ. ನಾನೂ ಆ ತಾಯಿಯ ಒಕ್ಕಲೇ, ತೈ ತಿಂಗಳಲ್ಲಿ ಅವಳನ್ನೇ ಕಿತ್ತೆಸೆಯುವುದಾ? ಹಾಗಾದರೆ ಅತ್ತೆಯನ್ನು ತೆಗೆಯೋಣ ಅಂದರೆ, ಮನೆಯ ಹಿರಿಯರು, ತಮ್ಮ ಗುಂಡಿಯಿಂದಲೇ ಅವರಿಗೆ ಏನಾದರೂ ಆದರೆ? ಮೊಬೈಲ್ ಅಂಗಡಿಯ ಶಣ್ಮುಗಂ ಹತ್ತಿರ ಕೊಂಡುಹೋದೆ. ಅವನು ಪಟ ನೋಡಿದ್ದೇ ಚಪ್ಪಲಿ ಕಳಚಿ ಹಿಂದೆ ಸರಿದ. 'ಅಕ್ಕಾ, ಡಿಸ್ಪ್ಲೇ ಹೋಗಿದ್ರೆ ಹೇಳುಂಗ, ಮಾಡಿಕೊಡ್ತೀನಿ. ಸಾಮಿ ವಿಷಯ ನಂಗೆ ಬೇಡಂಗ' ಅಂದ. ತಮ್ಮ ಪುಟಕ್ಕೇ ಮರಳಿದರೆ, ಈ ಮಾಹಿತಿ ಉಪಯುಕ್ತವಾಯಿತೇ ಅಂತ ಕೇಳಿತು. ಇಲ್ಲ ಅಂದೆ. ಧನ್ಯವಾದ ಅಂದಿತು.

ನಿನ್ನೆ ನಡೆದದ್ದಂತೂ ಎಲ್ಲಕ್ಕೂ ಕಳಶವಿಟ್ಟ ಹಾಗಾಯಿತು. ಎರಡನೇ ಸೀರೆ ಮಗ್ಗದಿಂದ ಇಳಿದ ದಿನ ಉದ್ದ ನೋಡುವ ನೆಪದಲ್ಲಿ ಅದನ್ನು ಹೆಗಲಿಗೆ ಹಾಕಿಕೊಂಡು ನಿಂತಿದ್ದೆ, ಅತ್ತೆಯ ಫೋನು ಕೈಲಿದ್ದ ಕೃತ್ತಿಕಾ ಪಟ ಹಿಡಿದಿದ್ದಳು. ನಿನ್ನೆ ಫೋನು ಆ ಪಟವನ್ನು ತೋರಿಸಿ, ಇವರೂ ರುಕ್ಮಣಿಯೇನಾ ಅಂತ ಕೇಳಿತು. ನಾನು! ತಲೆಯಲ್ಲಿ ಎಣಿಸಿ ನಾಲ್ಕು ಬಿಳಿ ಕೂದಲಿಲ್ಲದ ನಾನು! ಅತ್ತೆ ಕನ್ನಡಕ ಹಾಕಿಕೊಂಡು ಇಣುಕಿ, 'ನಂದೇ ಪಟ. ಆದ್ರೆ ಯಾಕೋ ತುಂಬ ವಯಸ್ಸಾದ ಹಾಗೆ ಬಿದ್ದಿದೆ' ಅಂದರು. ಆಗ ನಾನು ನುಂಗಿಕೊಂಡದ್ದನ್ನು ಆ ಚೌಡೇಶ್ವರಿಯೇ ಬಲ್ಲಳು. ಅವರು ಒತ್ತುವ ಮೊದಲೇ ಫೋನು ಕಿತ್ತುಕೊಂಡು ಬಂದೆ. ಆ ಪ್ರಶ್ನೆ ಈಗಲೂ ನನ್ನ ಮುಂದಿದೆ. ಅಲ್ಲ ಅಂದರೆ ನನ್ನ ಮುಖ ನನಗೆ ಉಳಿಯುತ್ತದೆ, ಸೀರೆ ಹೋಗುತ್ತದೆ. ಹೌದು ಅಂದರೆ ನಾನೂ ದೇವಿ, ಸೀರೆ ನನ್ನದು, ರಂಗಸಾಮಿ ಮಾವನವರೂ ಮೆಷಿನಿನ ಮಾತಿಗೆ ತಲೆಬಾಗಲೇಬೇಕು. ಆದರೆ ಹಾಗೆ ಒತ್ತಿದರೆ ಇಷ್ಟು ವರ್ಷ ನಾನು ಯಾರ ಹಾಗೆ ಆಗಬಾರದು ಅಂತ ಹಲ್ಲು ಕಚ್ಚಿ ಬದುಕಿದೆನೋ, ಅವರೇ ನಾನು ಅಂತ ನನ್ನ ಕೈಯಾರೆ ಸಹಿ ಹಾಕಿದ ಹಾಗೆ.

ಆದ್ದರಿಂದ ಅಧಿಕಾರಿಗಳೇ, ಹೌದು ಮತ್ತು ಅಲ್ಲ ಅನ್ನುವ ಆ ಎರಡು ಗುಂಡಿಗಳ ಪಕ್ಕದಲ್ಲಿ ತಕ್ಷಣ ಮೂರನೆಯದೊಂದು ಇಡಿ. ಅದರ ಮೇಲೆ 'ಸೀರೆ ಮಾತ್ರ ಒಂದೇ' ಅಂತ ಬರೆಯಿಸಿ. ಶುಕ್ರವಾರ ಬೆಳಿಗ್ಗೆ ದೇವಿಗೆ ಅಲಂಕಾರ ಶುರುವಾಗುವವರೆಗೆ ಕಾಯುತ್ತೇನೆ. ಅಷ್ಟರೊಳಗೆ ಗುಂಡಿ ಬಾರದಿದ್ದರೆ, ದೇವಿಯ ಮೇಲಾಣೆ, ಹೌದು ಅಂತ ಒತ್ತುತ್ತೇನೆ. ಅತ್ತೆಯೇ ಆಗಿಹೋದರೂ ಚಿಂತೆಯಿಲ್ಲ, ಆ ಸೀರೆ ಉಟ್ಟೇ ತೀರುತ್ತೇನೆ.

ಇಂತಿ,
ಶುಕ್ರವಾರದವರೆಗೆ ಮಾತ್ರ ಸೊಸೆಯಾಗಿರುವ,
ಗೋಕಿಲಾ ದಂಡಪಾಣಿ