ಕೋಡಿ ಕಡೆಯ ಸಾಲು

ಮಾರ್ಚ್ ೪, ಸೋಮವಾರ

ಎರಡನೆಯ ಕಾಫಿ. ನಲ್ಲಿಯಲ್ಲಿ ನೀರಿಲ್ಲ, ಟ್ಯಾಂಕರಿನವನು ಫೋನ್ ಎತ್ತುತ್ತಿಲ್ಲ. ಇಡೀ ಬಸವೇಶ್ವರನಗರ ಬಕೆಟ್ ಹಿಡಿದು ನಿಂತಿರುವಾಗ ನನಗೆ ಕೆರೆಯ ಬಗ್ಗೆ ಬರೆಯುವ ಕೆಲಸ ಬಂದಿದೆ. ಕೆಂಗೇರಿಯಾಚೆ ಹೊಸ ಲೇಔಟ್. ಹೆಸರು ‘ವೈನ್‌ಯಾರ್ಡ್ ಲೇಕ್ ಸಿಟಿ’. ಬ್ರೋಷರ್‌ಗೆ ಕನ್ನಡದಲ್ಲೊಂದು ಪರಿಚಯ ಬೇಕಂತೆ — ದ್ರಾಕ್ಷಿ ಸೀಮೆಯಲ್ಲಿ, ಕೆರೆಯ ದಂಡೆಯಲ್ಲಿ, ವೇಗವಾಗಿ ಬೆಳೆಯುತ್ತಿರುವ ನಗರ. ನಗರ ಇನ್ನೂ ಬೆಳೆದಿಲ್ಲ, ಪರಿಚಯ ಬೆಳೆಯಬೇಕು.

ಕಾಲೇಜಿನಲ್ಲಿ ಕನ್ನಡ ಪಾಠ ಮಾಡುವಾಗ ಹುಡುಗರು ಪುಕ್ಕಟೆ ನಗುತ್ತಿದ್ದರು. ರಿಟೈರ್ ಆದ ಮೇಲೆ ನಗಿಸುವುದಕ್ಕೇ ಸಂಭಾವನೆ. ಬಡ್ತಿ ಎಂದೇ ಲೆಕ್ಕ.

ಮಾರ್ಚ್ ೭, ಗುರುವಾರ

ಜಾಗ ನೋಡಿ ಬಂದೆ. ಮಾರ್ಕೆಟಿಂಗ್‌ನ ಜೀವನ್ ಕಾರಿನಲ್ಲಿ ಕರೆದೊಯ್ದ. ಕೆರೆಯಲ್ಲಿ ನೀರಿಲ್ಲ, ಎಮ್ಮೆಗಳಿವೆ. ದ್ರಾಕ್ಷಿ ತೋಟವಿಲ್ಲ, ಚಪ್ಪರ ಹೊತ್ತಿದ್ದ ಕಲ್ಲುಕಂಬಗಳಿವೆ. ದ್ರಾಕ್ಷಿ ಹೋದರೂ ಸಾಕ್ಷಿ ಉಳಿದಿದೆ ಎಂದೆ. ತಕ್ಷಣ ಫೋನಿನಲ್ಲಿ ಬರೆದುಕೊಂಡ.

ತೋಟದ ಹಳೆಯ ಒಡತಿ ಮುನಿತಾಯಮ್ಮ ಸಿಕ್ಕರು. ಈಗ ಕೆಂಗೇರಿಯಲ್ಲಿ ಪಿ.ಜಿ. ಕಟ್ಟಡಗಳ ಯಜಮಾನಿ. ಮಗನ ಕಾರಿನ ಏಸಿ ಬಿಟ್ಟು ಇಳಿಯಲಿಲ್ಲ, ಗಾಜು ಇಳಿಸಿ ಮಾತಾಡಿದರು. ನೀಲಿ ದ್ರಾಕ್ಷಿಯಲ್ಲಿ ವೈನ್ ಮಾಡುತ್ತಿದ್ದಿರಾ ಎಂದು ಕೇಳಿದೆ. ಹಣ್ಣು ಮಾರ್ಕೆಟ್ಟಿಗೆ ಹೋಗುತ್ತಿತ್ತಂತೆ, ಗಂಡಸರು ಬೇರೆ ಅಂಗಡಿಗೆ. ಆಮೇಲೆ ಕೆರೆ ಏರಿಯ ತುದಿಯಲ್ಲಿ ಬಾವುಟ ನೆಟ್ಟಿದ್ದ ಕಡೆ ಕೈ ತೋರಿಸಿದರು.

“ಆ ಸಾಲು ಯಾಕ್ ಮಾಡಿದ್ರೋ ಕಾಣೆ. ಕೆರೆ ತುಂಬಿ ಕೋಡಿ ಬಿದ್ರೆ ನೀರು ಹರಿಯೋದೇ ಅಲ್ಲಿ. ನಾವು ಹಸುನೂ ಕಟ್ತಿರ್ಲಿಲ್ಲ ಕಣಪ್ಪ.”

ಅದು ‘ಲೇಕ್ ವ್ಯೂ’ ಸೈಟುಗಳ ಸಾಲು. ಎಲ್ಲಕ್ಕಿಂತ ದುಬಾರಿ. ಜೀವನ್ ಕಡೆ ನೋಡಿದೆ. ಅವನು ಬಗ್ಗಿ ಟೈರ್ ನೋಡುತ್ತಿದ್ದ.

ಮಾರ್ಚ್ ೧೮, ಸೋಮವಾರ

ಬರೆದು ಕಳಿಸಿದೆ. ಕೋಡಿಯ ವಿಷಯ ಹೇಳಬೇಕೋ ಬೇಡವೋ ಎಂದು ಒದ್ದಾಡಿ, ಕೊನೆಗೆ ಹಾಸ್ಯದೊಳಗೆ ತೂರಿಸಿದೆ: ‘ಇಲ್ಲಿ ಅತಿಥಿಗಳಿಗೆ ಬರವಿಲ್ಲ. ಒಳ್ಳೆಯ ಮಳೆಯಾದ ವರ್ಷ ಕೆರೆಯೇ ನಿಮ್ಮ ಮನೆಗೆ ಬಂದು ಹೋಗುತ್ತದೆ.’ ಸತ್ಯ ಹೇಳಿದ ಹಾಗೂ ಆಯಿತು, ಯಾರಿಗೂ ಕೇಳಿಸದ ಹಾಗೂ ಆಯಿತು. ಜೀವನ್ ಫೋನ್ ಮಾಡಿ ಬಿದ್ದು ಬಿದ್ದು ನಕ್ಕ. ಆ ವಾಕ್ಯವನ್ನೇ ದಪ್ಪಕ್ಷರದಲ್ಲಿ ಹಾಕುತ್ತಾರಂತೆ. ವೈನ್ ಇಲ್ಲದಿದ್ದರೂ ಎಲ್ಲ ವೈನಾಗಿದೆ ಎಂದು ಫೋನ್ ಇಟ್ಟೆ.

ಊಟ ಸೇರಲಿಲ್ಲ. ಹುಳಿ ಹಳಸಿತ್ತು ಎಂದಿಟ್ಟುಕೊಳ್ಳೋಣ.

ಮೇ ೧೨, ಭಾನುವಾರ

ಇಷ್ಟು ದಿನ ಬರೆಯುವಂಥದ್ದು ಏನೂ ಇರಲಿಲ್ಲ. ಇವತ್ತು ಇದೆ. ಬರೆಯಲು ಮನಸ್ಸಿಲ್ಲ.

ತಂಗಿ ಪುಟ್ಟಲಕ್ಷ್ಮಿ ವಿಜಯನಗರಕ್ಕೆ ಊಟಕ್ಕೆ ಕರೆದಿದ್ದಳು. ಹೋಳಿಗೆ. ಏನು ವಿಶೇಷ ಎಂದರೆ ಅವಳ ಗಂಡ ಶ್ರೀರಾಮ್ ಒಳಗಿನಿಂದ ಬ್ರೋಷರ್ ತಂದು ಮುಂದಿಟ್ಟ. ನನ್ನದೇ. ಲೇಕ್ ವ್ಯೂ ಸಾಲಿನಲ್ಲಿ ಮೂಲೆ ಸೈಟು. ಟೋಕನ್ ಕೊಟ್ಟಾಗಿದೆ, ಜೂನ್ ಮೊದಲ ವಾರ ರಿಜಿಸ್ಟ್ರೇಷನ್. ಪುಟ್ಟಲಕ್ಷ್ಮಿ ಸ್ಕೂಲ್ ಕೆಲಸ ಬಿಟ್ಟಾಗ ಬಂದ ಪಿ.ಎಫ್. ಪೂರ್ತಿ ಅದಕ್ಕೇ. ಹುಟ್ಟಿದಾಗಿನಿಂದ ಬಾಡಿಗೆ ಮನೆಯಲ್ಲೇ ಇದ್ದವಳು, ಬಾಗಿಲು ಯಾವ ದಿಕ್ಕಿಗೆ ಇಡಬೇಕೆಂದು ಗಂಡನ ಜೊತೆ ಆಗಲೇ ಜಗಳ ಶುರು ಮಾಡಿದ್ದಾಳೆ.

ಅಲ್ಲಿ ನೀರು ನುಗ್ಗುತ್ತೆ ಕಣೇ ಎಂದೆ. ಇಬ್ಬರೂ ನಕ್ಕರು. ಮತ್ತೆ ಹೇಳಿದೆ. ಇನ್ನೂ ಜೋರಾಗಿ ನಕ್ಕರು.

“ಬರ್ಲಿ ಬಿಡಿ ಭಾವ, ಕೆರೆಗೂ ಒಂದ್ ಲೋಟ ಕಾಫಿ ಕೊಟ್ಟು ಕಳಿಸ್ತೀವಿ,” ಎಂದ ಶ್ರೀರಾಮ್.

ಗೇಟಿನವರೆಗೂ ಬಂದವಳು ಮೆಲ್ಲಗೆ ಹೇಳಿದಳು: “ಹೆಸರು ಹಾಕಿಲ್ಲ ಅಂದ್ರೆ ಗೊತ್ತಾಗಲ್ವಾ ಅಣ್ಣ? ಎರಡು ಲೈನ್ ಓದ್ತಿದ್ದ ಹಾಗೇ ನೀನೇ ಅಂತ ಗೊತ್ತಾಯ್ತು. ಇವರಿಗೆ ಅನುಮಾನ ಇತ್ತು. ನಮ್ಮಣ್ಣ ಜಾಗ ನೋಡದೆ ಬರೆಯಲ್ಲ ಅಂತ ನಾನೇ ಒಪ್ಪಿಸಿದೆ.”

ಮೆಟ್ರೋದಲ್ಲಿ ಹೊಸಹಳ್ಳಿಗೆ ಇಳಿಯಬೇಕಿತ್ತು. ಮೆಜೆಸ್ಟಿಕ್ ಬಂದಾಗ ಎಚ್ಚರವಾಯಿತು. ನಿದ್ದೆ ಮಾಡಿರಲಿಲ್ಲ.

ಮೇ ೧೬, ಗುರುವಾರ

ಜೀವನ್‌ಗೆ ಫೋನ್. ತಂಗಿಗೆ ಬೇರೆ ಸಾಲಿನಲ್ಲಿ ಸೈಟು ಕೊಡಿಸು ಎಂದೆ. ಉಳಿದದ್ದೆಲ್ಲ ಬುಕ್ ಆಗಿದೆಯಂತೆ. ಕೋಡಿ ವಿಷಯ ಗಿರಾಕಿಗಳಿಗೆ ಹೇಳಬೇಡವಾ ಎಂದು ಕೇಳಿದೆ.

“ಹೇಳಿದೀವಲ್ಲ ಸಾರ್. ಕೆರೆ ಮನೆಗೆ ಬರುತ್ತೆ ಅಂತ ನೀವೇ ಬರ್ದಿದೀರಿ, ನಾವು ದಪ್ಪಕ್ಷರದಲ್ಲಿ ಹಾಕಿದೀವಿ. ಮುಚ್ಚಿಟ್ಟಿದ್ದು ಏನಿದೆ?”

ಹುಡುಗ ತಮಾಷೆ ಮಾಡುತ್ತಿರಲಿಲ್ಲ. ಫೋನ್ ಇಟ್ಟು ಆ ವಾಕ್ಯವನ್ನು ಮತ್ತೆ ಓದಿದೆ.

ಮೇ ೨೬, ಭಾನುವಾರ

ಶ್ರೀರಾಮ್ ಇಲ್ಲದ ಹೊತ್ತು ನೋಡಿಕೊಂಡು ವಿಜಯನಗರಕ್ಕೆ ಹೋದೆ. ಮುನಿತಾಯಮ್ಮ ಹೇಳಿದ್ದನ್ನು ಹೇಳಿದ ಹಾಗೇ ಒಪ್ಪಿಸಿದೆ. ಒಂದು ಶ್ಲೇಷೆ ಇಲ್ಲ, ಪ್ರಾಸ ಇಲ್ಲ. ಆದರೂ ಅವಳ ಬಾಯಿ ಅಭ್ಯಾಸಬಲದಿಂದ ನಗಲು ಸಿದ್ಧವಾಗಿತ್ತು.

“ನಿಂಗೆ ಯಾವಾಗ ಗೊತ್ತಾಯ್ತು?”

ಈಚೆಗೆ ಎನ್ನಬಹುದಿತ್ತು. ನನ್ನ ಮರ್ಯಾದೆ ಉಳಿಯುತ್ತಿತ್ತು. ಯಾರೋ ಹೊಟ್ಟೆಕಿಚ್ಚಿಗೆ ಹಬ್ಬಿಸಿದ ಮಾತು ಎಂದು ಸೈಟನ್ನೂ ಉಳಿಸಿಕೊಳ್ಳುತ್ತಿದ್ದಳು.

“ಬರೆಯೋಕೆ ಮುಂಚೆನೇ,” ಎಂದೆ.

ನಗಲಿಲ್ಲ. ನನ್ನೆದುರೇ ಗಂಡನಿಗೆ ಫೋನ್ ಮಾಡಿದಳು. “ರಿಜಿಸ್ಟ್ರೇಷನ್ ಬೇಡ ರೀ. ಟೋಕನ್ ಹೋದ್ರೆ ಹೋಗ್ಲಿ... ಇಲ್ಲ. ಅಣ್ಣ ತಮಾಷೆ ಮಾಡ್ತಿಲ್ಲ.”

ಆಮೇಲೆ ಒಣಗಿದ ಬಟ್ಟೆ ಮಡಚುತ್ತ ಕೂತಳು. ಶ್ರೀರಾಮ್‌ನ ಶರಟನ್ನು ಮಡಚಿ, ಬಿಚ್ಚಿ, ಮತ್ತೆ ಮಡಚಿದಳು. ನನ್ನ ಕಡೆ ನೋಡಲಿಲ್ಲ.

“ಆ ಸಾಲಲ್ಲಿ ಬೇರೆಯವರೂ ತಗೊಂಡಿದಾರೆ. ಅವರಿಗೆಲ್ಲ ಅಣ್ಣ ಎಲ್ಲಿಂದ ಬರ್ತಾನೆ?”

ಕಾಫಿ ಕೊಡಲಿಲ್ಲ. ಕೇಳುವ ಧೈರ್ಯವೂ ಬರಲಿಲ್ಲ.

ಜೂನ್ ೨, ಭಾನುವಾರ. ಬೆಳಿಗ್ಗೆ ಹನ್ನೊಂದು

ಕೆರೆ ಏರಿಯ ಮೇಲೆ ಕೂತಿದ್ದೇನೆ. ಸೈಟು ಕೊಂಡವರನ್ನೂ ಕೊಳ್ಳುವವರನ್ನೂ ಬಸ್ಸಿನಲ್ಲಿ ಕರೆತಂದಿದ್ದಾರೆ. ಶಾಮಿಯಾನ, ಮಜ್ಜಿಗೆ, ಸ್ಪೀಕರ್‌ನಲ್ಲಿ ಯಾರದೋ ದಪ್ಪ ದನಿಯಲ್ಲಿ ನನ್ನ ವಾಕ್ಯಗಳು. ಮೊನ್ನೆಯ ಮಳೆಗೆ ಕೆರೆಯ ನಡುವೆ ಅಂಗೈಯಷ್ಟು ನೀರು ನಿಂತಿದೆ. ಜನ ಅದರ ಮುಂದೆ ಫೋಟೋ ತೆಗೆಸಿಕೊಳ್ಳುತ್ತಿದ್ದಾರೆ.

ಕೋಡಿಯ ಮಾತನ್ನು ಜನಕ್ಕೆ ಹೇಳಲು ಬನ್ನಿ ಎಂದು ಮುನಿತಾಯಮ್ಮನವರನ್ನು ಕರೆದಿದ್ದೆ. ಮಗ ಫೋನ್ ತೆಗೆದುಕೊಂಡು, ನಮ್ಮದು ಮಾರಿ ಮುಗೀತಲ್ಲ ಸಾರ್ ಎಂದ. ಪುಟ್ಟಲಕ್ಷ್ಮಿ ಫೋನನ್ನೇ ಎತ್ತುತ್ತಿಲ್ಲ.

ಜೀವನ್ ಕೈ ಬೀಸುತ್ತ ಬಂದ. ಮೈಕಿನಲ್ಲಿ ಒಂದೆರಡು ಜೋಕ್ ಹೇಳಬೇಕಂತೆ, ಜನಕ್ಕೆ ಬಿಸಿಲು ಮರೆತುಹೋಗುತ್ತದಂತೆ. ಆಗಲಿ ಎಂದಿದ್ದೇನೆ. ನಗು ಬಾರದ ಹಾಗೆ ಮಾತು ಶುರು ಮಾಡುವುದು ಹೇಗೆ? ಗೊತ್ತಿಲ್ಲ. ಬರೆದು ನೋಡುತ್ತಿದ್ದೇನೆ.

‘ನಮಸ್ಕಾರ. ಇದನ್ನು ಬರೆದವನು ನಾನು. ನಗಬೇಡಿ —’ ನಗಬೇಡಿ ಎಂದರೆ ನಗುತ್ತಾರೆ. ಹೊಡೆದು ಹಾಕಿದೆ.

‘ಲೇಕ್ ವ್ಯೂ ಸಾಲಿನಲ್ಲಿ ಸೈಟು ತಗೊಂಡವರು...’

ನನ್ನ ಹೆಸರು ಕೂಗಿದರು. ಚಪ್ಪಾಳೆ.

‘...ತಗೊಂಡವರು ದಯವಿಟ್ಟು ಕೈ ಎತ್ತಿ. ನಾನು ನಿಮಗೆ ಮೊದಲೇ ಹೇಳಬೇಕಾಗಿದ್ದ ಮಾತು ಇದು: ಕೆರೆ ಕೋಡಿ ಬಿದ್ದರೆ ನೀರು ಹರಿಯುವುದು ನಿಮ್ಮ ಸಾಲಿನಲ್ಲೇ —’