ನೀಲಿ ಜೇನಿನ ಪಂಚಾಯ್ತಿ

ಕಡ್ಲಿಕೊಪ್ಪ, ೨೧೯೩, ಸೂರ್ಯಕಾಂತಿ ತಿಂಗಳ ನಲವತ್ತೊಂದನೇ ದಿನ

ಹಿಂದಿನ ಕಾಲದ ಜೇನು ಸಾಕುವವರಿಗೆ ಪಂಚಾಯ್ತಿ ಕಾರ್ಯದರ್ಶಿ ಹುಸೇನಸಾಬ ನದಾಫನ ನಮಸ್ಕಾರಗಳು.

ತಾರೀಖು ಕಂಡು ಗಾಬರಿಯಾಗಬೇಡಿ. ಹೂ ಬಾಡುವವರೆಗೆ ನಮ್ಮಲ್ಲಿ ತಿಂಗಳು ಮುಗಿಯುವುದಿಲ್ಲ. ಇನ್ನೂ ಕೆಲವು ಮಾತು ವಿಚಿತ್ರವಾಗಿ ಕೇಳಿಸಿದರೆ ಮನ್ನಿಸಬೇಕು. ‘ಹುಳಬಾಡಿಗೆ’ ಅಂಥದೊಂದು. ಕಾಡುಜೇನು ಕಾಣೆಯಾದ ಮೇಲೆ, ಕಾಳು ಕಟ್ಟಲೆಂದು ನಮ್ಮ ರೈತರು ಹೂ ಬಿಟ್ಟ ಹೊಲಕ್ಕೆ ಕಂಪನಿಯ ಜೇನುಪೆಟ್ಟಿಗೆಗಳನ್ನು ಬಾಡಿಗೆಗೆ ತರುತ್ತಾರೆ.

ಈ ವರ್ಷ ಸಹಸ್ರಗೂಡು ಕಂಪನಿ ಎಂಟು ನೂರು ಪೆಟ್ಟಿಗೆಗಳನ್ನು ನಮ್ಮ ಗೋಮಾಳದಲ್ಲಿ ಇಳಿಸಿತು. ಅಲ್ಲಿ ಮೊದಲೇ ಫಕೀರವ್ವನೆಂಬ ಮುದುಕಿಯ ಹನ್ನೆರಡು ಪೆಟ್ಟಿಗೆಗಳಿದ್ದವು. ಹುಳಗಳಿಗೆ ಸಕ್ಕರೆ ಪಾಕ ಕೊಡುವುದಿದ್ದರೆ ಪೆಟ್ಟಿಗೆಯೊಳಗೇ ಕೊಡಬೇಕೆಂಬುದು ನಮ್ಮೂರ ಪದ್ಧತಿ. ಬಯಲಲ್ಲಿಟ್ಟರೆ ಎಲ್ಲರ ಹುಳಗಳೂ ಒಂದೇ ಕಡೆ ಮುತ್ತಿ ರೋಗ ಹಂಚಿಕೊಳ್ಳುತ್ತವೆ. ಕಂಪನಿಯ ಮೇಲ್ವಿಚಾರಕ ನಿರಂಜನ ಇದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. ಪಾಕದ ಡ್ರಮ್ಮುಗಳನ್ನು ತೆರೆದೇ ಇಟ್ಟ. ಫಕೀರವ್ವನ ಹುಳಗಳೂ ಕರೆಯದೆ ಊಟಕ್ಕೆ ಹೋದವು. ‘ಕಳ್ಳಹುಳ’ ಹಿಡಿಯಲೆಂದು ಆತ ಪಾಕಕ್ಕೆ ನೀಲಿ ಬಣ್ಣ ಕದಡಿದ. ವಾರದೊಳಗೆ ಆಕೆಯ ಜೇನು ತಿಳಿನೀಲಿಯಾಯಿತು. ಕೊಳ್ಳುವವರು ಮೂಗು ಮುರಿದರು. ಮೇಲಿಂದ ಕಂಪನಿಯ ದೂರು ಬೇರೆ: ಆಕೆಯ ಪೆಟ್ಟಿಗೆಗಳನ್ನು ಗೋಮಾಳದಿಂದ ಎಬ್ಬಿಸಬೇಕು. ಆಕೆಗೆ ಹೊಲವಿಲ್ಲ, ಅವುಗಳನ್ನಿಡಲು ಬೇರೆ ಜಾಗವೂ ಇಲ್ಲ.

ಪಂಚಾಯ್ತಿ ಸೇರಿತು. ನಿರಂಜನ ಆಕೆಯ ಬಾಟಲಿಯನ್ನು ಬೆಳಕಿಗೆ ಹಿಡಿದು, “ಇದಕ್ಕಿಂತ ಬೇರೆ ಸಾಕ್ಷಿ ಬೇಕಾ?” ಎಂದ.

“ದನ ಆಗಿದ್ರ ಗೂಟಕ್ಕ ಕಟ್ತಿದ್ದೆ. ಹುಳಾನ ಎಲ್ಲಿ ಕಟ್ಟಿ ಹಾಕ್ಲೋ ತಮ್ಮಾ?” ಎಂದಳು ಫಕೀರವ್ವ. “ದಾರ್ಯಾಗ ಊಟದ ಪರಾತ ಇಟ್ಟು, ಉಂಡವರನ್ನ ಕಳ್ಳರಂತಿ. ಇರ್ಲಿ. ನಿನ್ನ ಜೇನು ಯಾವ ಬಣ್ಣ ಐತಿ, ಅದನ್ನಷ್ಟು ತೋರ್ಸು.”

ನಿರಂಜನ ಬಾಟಲಿಯನ್ನು ಕೆಳಗಿಟ್ಟ. ಅಧ್ಯಕ್ಷೆ ಕಂಪನಿಯ ಲಾರಿಯಿಂದ ಒಂದು ಡಬ್ಬಿ ತರಿಸಿ ಮುಚ್ಚಳ ತೆಗೆಸಿದರು. ಚೀಟಿಯ ಮೇಲೆ ‘ಅಪ್ಪಟ ಸೂರ್ಯಕಾಂತಿ ಜೇನು’. ಒಳಗೆ ಶಾಯಿಯಂಥ ಕಡುನೀಲಿ.

ಊರೇ ನಕ್ಕಿತು. ಬಾಡಿಗೆ ಕೊಟ್ಟ ರೈತರು ಮಾತ್ರ ನಗಲಿಲ್ಲ. “ಅಂದ್ರ ನಿಮ್ಮ ಹುಳ ನಮ್ಮ ಹೂವಿನ ಮಾರಿನ ನೋಡಿಲ್ಲ! ಕಾಳು ಜೊಳ್ಳಾದ್ರ ಲುಕ್ಸಾನ ನೀ ತುಂಬ್ತೀಯೇನು?” ಎಂದು ಒಬ್ಬ ಎದ್ದೇ ನಿಂತ.

ಕಂಪನಿಯ ದೂರು ಅಲ್ಲಿಗೇ ಬಿದ್ದುಹೋಯಿತು, ಅಂದೇ ಡ್ರಮ್ಮುಗಳು ಖಾಲಿಯಾದವು. ಬರೀ ಬಾಯಿಮಾತಾಗಿದ್ದ ಪದ್ಧತಿಯನ್ನು ನಾನು ಕಾಗದದ ಮೇಲೆ ಬರೆದೆ. ನಿರಂಜನನೇ ಮೊದಲು ಸಹಿ ಹಾಕಿದ. ಮರುದಿನ ಪೆಟ್ಟಿಗೆಯೊಳಗೆ ಪಾಕ ಇಡುವುದನ್ನು ಕಲಿಯಲು ಆತ ಫಕೀರವ್ವನ ಬಳಿ ಕುಕ್ಕರಗಾಲಲ್ಲಿ ಕೂತಿದ್ದ, ಮೇಲ್ದುಟಿ ಊದಿತ್ತು.

“ಆ ನೀಲಿ ಡಬ್ಬಿಗಳನ್ನ ಏನ್ ಮಾಡ್ಲಿ ಅಜ್ಜಿ?”

“ನೀನ ತಿನ್ನು. ಹೂವಿಲ್ಲದ ಜೇನು ಹೆಂಗಿರ್ತೈತಿ ಅಂತ ತಿಳೀಲಿ.”

ನಿಮ್ಮಲ್ಲಿ ಒಂದು ಕೋರಿಕೆ. ನಿಮ್ಮ ಬದುಗಳ ಮೇಲೆ ತುಂಬೆ, ತಂಗಡಿಯಂಥ ಕಾಡುಜೇನಿನ ಹೂಗಳು ಇನ್ನೂ ಇವೆಯಂತೆ. ಕಳೆಯೆಂದು ಕೀಳಬೇಡಿ. ನಾವು ಹೇಗಿದ್ದರೂ ಜಗಳಗಂಟರೇ. ಹೂವಿಗಾಗಿ ಜಗಳವಾಡುವ ಭಾಗ್ಯವನ್ನಾದರೂ ನಮಗೆ ಉಳಿಸಿಕೊಡಿ.