ಮೂವತ್ತಾರರ ಡಬ್ಬಿ

ಅಕ್ಟೋಬರ್ 16, 1999

ನೆಲಮಂಗಲ. ಅಂಗಡಿ ತೆರೆದು ಯಂತ್ರದ ಕಿರಣವನ್ನು ಡಬ್ಬಿಗಳ ಮೇಲೆ ಆಡಿಸಿದೆ. ತಂಗಿ ಶಾಮಲಾಳ ದನಿ: "ವಾರ್ನಿಶ್." "ಕಂಡೆನ್ಸರ್, ಮೂವತ್ತಾರು." "ಕಂಡೆನ್ಸರ್, ಐವತ್ತು." ಅವಳು ಬೆಂಗಳೂರಿನಲ್ಲಿ ಅಂಧರ ಸಂಸ್ಥೆಯೊಂದರಲ್ಲಿ ಕೆಲಸಕ್ಕಿದ್ದಾಳೆ. ಅಲ್ಲಿಗೆ ಬಂದ ವಿದೇಶಿ ಯಂತ್ರ ಇದು; ಚೀಟಿಯ ಮೇಲೆ ಕಿರಣ ಬಿದ್ದರೆ ಮಾತಾಡುತ್ತದೆ. ಬಾರ್‌ಕೋಡ್ ಚೀಟಿಗಳನ್ನು ಡಬ್ಬಿಗಳಿಗೆ ಅಂಟಿಸಿ, ಹೆಸರುಗಳನ್ನು ತಾನೇ ಹೇಳಿ ರೆಕಾರ್ಡ್ ಮಾಡಿಕೊಟ್ಟಳು.

ಕಣ್ಣು ಹೋಗಿ ಎರಡು ವರ್ಷ. ಸುಟ್ಟ ಮೋಟಾರಿಗೆ ಹೊಸ ತಂತಿ ಸುತ್ತಲು ಬೆರಳು ಸಾಕು. ಮೋಟಾರಿಗೆ ತಕ್ಕ ಅಳತೆಯದೇ ಹಾಕಬೇಕಾದ ಕಂಡೆನ್ಸರ್ ಮಾತ್ರ, ಮೂವತ್ತಾರರದೂ ಐವತ್ತರದೂ ಕೈಗೆ ಒಂದೇ.

ಅರಿಶಿನಕುಂಟೆಯ ಬೈರಣ್ಣ ಸುಟ್ಟ ಮೋಟಾರ್ ತಂದ. ಎರಡು ವರ್ಷದಲ್ಲಿ ಮೊದಲ ಸಲ.

"ನಿನ್ ಕೈ ನಂಗೊತ್ತು ಕಣೋ ಬೀರೇಶ. ಮನೆಯೋರು ನಗ್ತಾವ್ರೆ. ಇದೊಂದು ಓಡಿಸ್ಬಿಡು, ಊರೋರ್ನೆಲ್ಲ ನಾನೇ ಕರ್ಕಂಬರ್ತೀನಿ."

ಓಡದಿದ್ದರೆ? ಅದನ್ನು ಅವನು ಹೇಳಲಿಲ್ಲ.

ಅಕ್ಟೋಬರ್ 18

ಆಯುಧಪೂಜೆ. ಅಮ್ಮ ಅಂಗಡಿಯನ್ನೆಲ್ಲ ತೊಳೆದಳು. ನಾನು ಹೊರಗೆ, ಸ್ಟೂಲಿನ ಮೇಲೆ. ಬ್ರೈಲ್ ಲೈಬ್ರರಿಯಿಂದ ರಷ್ಯನ್ ಕಾದಂಬರಿಯ ಅನುವಾದ ಬಂದಿದೆ. ಮೂರನೇ ಸಂಪುಟ. ಎರಡನೆಯದು ಇನ್ನೂ ಬಂದಿಲ್ಲ. ಇದರಲ್ಲಿ ಒಬ್ಬ ಆಗಲೇ ಸತ್ತಿದ್ದಾನೆ...

ಅಕ್ಟೋಬರ್ 19

ಯಂತ್ರ ಮೂಕ. ಒಂದು ಡಬ್ಬಿಯೂ ಮಾತಾಡಲಿಲ್ಲ. ಕೆಟ್ಟಿತೆಂದುಕೊಂಡೆ. ಪಕ್ಕದ ಸೈಕಲ್ ಶಾಪಿನ ಮೂರ್ತಿ ಬಂದು ನೋಡಿ ನಕ್ಕ.

"ಗುರು, ನಿಮ್ಮಮ್ಮ ಚೀಟಿಗೆಲ್ಲ ಅರಿಶಿನ ಕುಂಕುಮ ಇಕ್ಕವ್ಳೆ!"

ಒರೆಸಿದ. ಶಾಮಲಾ ಮತ್ತೆ ಮಾತಾಡಿದಳು. ಡಬ್ಬಿಗಳ ಜಾಗ ಬದಲಾಗಿದೆ. ಇರಲಿ.

ಅಕ್ಟೋಬರ್ 20

ಮೋಟಾರ್ ಮುಗಿಯಿತು. ಬೈರಣ್ಣ ಎದುರಿಗೇ ಕೂತು ಎಲೆ-ಅಡಿಕೆ ಅಗಿಯುತ್ತಿದ್ದ. ಅವನದಕ್ಕೆ ಮೂವತ್ತಾರು ಬೇಕು. ಆ ಡಬ್ಬಿ ಯಾವಾಗಲೂ ಎಡಕ್ಕೆ. ಇಂದು ಬಲಗಡೆಯದು "ಮೂವತ್ತಾರು" ಎಂದಿತು. ಕೈ ಅನುಮಾನಿಸಿತು. ಬೈರಣ್ಣನ ಕೈಗೆ ಕೊಟ್ಟು ಓದಿಸಬಹುದಿತ್ತು. ಆದರೆ ಅವನು ಬಂದಿದ್ದು ಅದನ್ನೇ ನೋಡಲು — ನಾನು ಕೇಳುತ್ತೇನೋ ಇಲ್ಲವೋ ಎಂದು. ಕೇಳಲಿಲ್ಲ. ಹಾಕಿದೆ.

ಅಕ್ಟೋಬರ್ 22, ಮಧ್ಯಾಹ್ನ

ಊಟ ಬಡಿಸುತ್ತಾ ಅಮ್ಮ, ಸುಮ್ಮನೆ —

"ಅವತ್ತು ತೊಳೆಯುವಾಗ ಎರಡು ಚೀಟಿ ಕಿತ್ಕಂಡ್ ಬಂದ್ಬಿಟ್ವು ಕಣಪ್ಪ. ಗೋಂದು ಹಾಕಿ ಅಂಟಿಸ್ದೆ."

"ಯಾವುದಕ್ಕೆ ಯಾವುದು?"

"ಎರಡು ಡಬ್ಬೀನೂ ಒಂದೇ ತರ ಇದ್ವಲ್ಲಪ್ಪ. ಯಾಕೆ?"

"ಏನಿಲ್ಲ."

ಎದ್ದು ಅಂಗಡಿಗೆ ಹೋದೆ. ಮೂರ್ತಿಯನ್ನು ಕರೆದು "ಮೂವತ್ತಾರು" ಎನ್ನುವ ಡಬ್ಬಿಯಿಂದ ಒಂದನ್ನು ತೆಗೆದು ಕೊಟ್ಟೆ.

"ಐವತ್ತು ಅಂತ ಬರ್ದದೆ ಗುರು."

ಐವತ್ತು. ಬೈರಣ್ಣ ಮೊನ್ನೆಯೇ ಒಯ್ದ ಮೋಟಾರ್ ಕಾಯುತ್ತದೆ. ಕಾದು ಸುಟ್ಟುಹೋಗುತ್ತದೆ. ಇಂದೋ, ನಾಳೆಯೋ. ಸುಮ್ಮನಿದ್ದರೆ ತಪ್ಪನ್ನು ವೋಲ್ಟೇಜ್ ಮೇಲೆ ಹಾಕಬಹುದು. ಎಲ್ಲರೂ ಹಾಗೇ ಹೇಳುತ್ತಾರೆ... ಇಲ್ಲ. ಮೂರ್ತಿ ಲೂನಾ ತರಲು ಹೋಗಿದ್ದಾನೆ.

ಸಂಜೆ, ಅರಿಶಿನಕುಂಟೆ

ಬೈರಣ್ಣನ ಪಂಪ್‌ಶೆಡ್. ಕರೆಂಟಿಲ್ಲ, ಸದ್ಯ. ತಪ್ಪು ಕಂಡೆನ್ಸರ್ ಹಾಕಿದೆ ಎಂದೆ. ಅಮ್ಮನ ಹೆಸರು ಎತ್ತಲಿಲ್ಲ.

ಬೈರಣ್ಣ ಬಾಯಲ್ಲಿದ್ದ ಎಲೆ-ಅಡಿಕೆ ಉಗುಳಿದ. ಆಮೇಲೆ, "ನೆನ್ನೆ ಒಂದ್ ಗಂಟೆ ಓಡಿಸ್ದೆ. ಮುಟ್ಟಿದ್ರೆ ಸುಡ್ತಿತ್ತು. ಹೊಸದು ಅಲ್ವಾ ಅಂದ್ಕಂಡೆ."

ಬದಲಿ ತಂದಿದ್ದನ್ನು ಅವನ ಕೈಗೆ ಕೊಟ್ಟೆ. "ಓದು ಬೈರಣ್ಣ."

"ಮೂರು... ಆರು. ಅಲ್ಲಾ ಕಣೋ, ಅವತ್ತು ನಿನ್ನೆದುರ್ಗೇ ಕುಂತಿದ್ನಲ್ಲ. ಇಷ್ಟು ಕೇಳಿದ್ರೆ ನಿನ್ ಗಂಟೇನ್ ಹೋಗ್ತಿತ್ತು?"

ಐವತ್ತರದನ್ನು ಬಿಚ್ಚಿ ತೆಗೆದೆ. ಹಾಕಿದೆ. ಮೋಟಾರಿಗೆ ಮೂಗು ಹಚ್ಚಿ ಮೂಸಿದೆ. ಹೊಸ ವಾರ್ನಿಶ್ಶೋ, ಸುಟ್ಟ ವಾಸನೆಯೋ... ಗೊತ್ತಾಗಲಿಲ್ಲ. ಒಳಗೆ ತಂತಿ ಉಳಿದಿದೆಯೋ ಇಲ್ಲವೋ ಕರೆಂಟ್ ಬಂದರೆ ತಿಳಿಯುತ್ತದೆ. ಕಾಯುತ್ತಾ ಬ್ರೈಲ್ ಸ್ಲೇಟಿನಲ್ಲಿ ಇದರ ಚುಕ್ಕಿ ಒತ್ತುತ್ತಿದ್ದೇನೆ.

ಊರ ಕಡೆ ಮಕ್ಕಳು ಹೋ ಎಂದರು. ಕರೆಂಟ್ ಬಂದಿದೆ.

"ಹಾಕ್ಲೇನೋ?" ಎನ್ನುತ್ತಿದ್ದಾನೆ ಬೈರಣ್ಣ.

ಮೋಟಾರಿನ ಮೇಲೆ ಅಂಗೈ ಇಡಬೇಕು. ಎರಡೂ ಕೈ ಬೇಕು, ಸ್ಲೇಟನ್ನು —